ಬಚ್ಚಲಿನ ನಾತ ಬರುವ ದಾರಿ: ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರಿಗೆ

ಹೋದ ಬೇಸಿಗೆಯಲ್ಲಿ ನಮ್ಮಮ್ಮ ದಿನಕ್ಕೆ ಮೂರು ಸಲ ಬಚ್ಚಲು ಉಜ್ಜುತ್ತಿದ್ದರು. ಬೆಳಿಗ್ಗೆ ಫಿನಾಯಿಲ್, ಮಧ್ಯಾಹ್ನ ಬ್ಲೀಚಿಂಗ್ ಪೌಡರ್, ಸಂಜೆ ಮತ್ತೆ ಫಿನಾಯಿಲ್. ಆದರೂ ನಾತ ಹೋಗಲಿಲ್ಲ. ಶಿವಮೊಗ್ಗದ ಹೊರಗಿನ ಒಂದು ಬಡಾವಣೆಯಲ್ಲಿ ಮನೆ. ಅಲ್ಲಿಗೆ ಇನ್ನೂ ಯುಜಿಡಿ, ಅಂದರೆ ಒಳಚರಂಡಿ, ಬಂದಿಲ್ಲ, ಎಲ್ಲರ ಮನೆಗೂ ಸೆಪ್ಟಿಕ್ ಟ್ಯಾಂಕೇ ಗತಿ. ಒಂದು ದಿನ ಮನೆಗೆ ಬಂದ ನೆಂಟರು ಬಚ್ಚಲ ಬಾಗಿಲು ತೆಗೆದವರೇ ಸೆರಗನ್ನು ಮೂಗಿಗೆ ಹಿಡಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅಮ್ಮನ ಮುಖ ಮಾತ್ರ ಸಣ್ಣದಾಯಿತು.

ಅಮ್ಮನ ತಪ್ಪು ಇದರಲ್ಲಿ ಒಂದಿಷ್ಟೂ ಇರಲಿಲ್ಲ. ಬಚ್ಚಲು ನಾರಿದರೆ ಸರಿಯಾಗಿ ತೊಳೆದಿಲ್ಲ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆ ಮಾತು ಬಂದು ಬೀಳುವುದು ಮನೆಯ ಹೆಂಗಸರ ಮೇಲೆ. ಆದರೆ ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಬಹಳ ಸಲ ನಾತಕ್ಕೂ ಕೊಳೆಗೂ ಸಂಬಂಧವೇ ಇರುವುದಿಲ್ಲ. ಟ್ಯಾಂಕಿನೊಳಗಿನ ಗಾಳಿ ಹೊರಗೆ ಹೋಗಲು ದಾರಿ ಹುಡುಕುತ್ತಿರುತ್ತದೆ. ಅದು ಹೋಗಬೇಕಾದ ದಾರಿ ಮುಚ್ಚಿರುತ್ತದೆ, ಹೋಗಬಾರದ ದಾರಿ ತೆರೆದಿರುತ್ತದೆ. ನಮ್ಮ ಮನೆಯಲ್ಲಿ ಎರಡೂ ಆಗಿತ್ತು. ಅದನ್ನು ಕಂಡುಹಿಡಿಯಲು ಎರಡು ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಬೇಕಾಗಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅಜ್ಜಿಯ ಕಾಲದ ಮನೆಯಲ್ಲಿ ಈ ತೊಂದರೆ ಇರಲಿಲ್ಲ ಅಂತ ಅನ್ನಿಸುವುದುಂಟು. ನಿಜವೇ. ಆಗ ಬಚ್ಚಲ ನೀರು ಮೋರಿ ದಾಟಿ ಹಿತ್ತಿಲಿನ ಬಾಳೆ ಬುಡಕ್ಕೋ ಕೆಸುವಿನ ಗಿಡಕ್ಕೋ ಹೋಗುತ್ತಿತ್ತು. ಕಕ್ಕಸು ಹಿತ್ತಿಲಿನ ತುದಿಯಲ್ಲಿರುತ್ತಿತ್ತು. ಎಲ್ಲವೂ ಬಯಲಿಗೆ ತೆರೆದಿದ್ದರಿಂದ ಗಾಳಿ ಅದರ ಪಾಡಿಗೆ ಅದು ಹೋಗುತ್ತಿತ್ತು. ಈಗ ಮಲಗುವ ಕೋಣೆಗೆ ಅಂಟಿಕೊಂಡೇ ಬಾತ್‌ರೂಮ್ ಇದೆ. ಅದರ ಪೈಪು ನೇರವಾಗಿ ಒಂದು ಕೊಳೆಯುವ ಗುಂಡಿಗೆ ಸೇರಿದೆ. ಅಂದರೆ ಹಾಸಿಗೆಗೂ ಆ ಗುಂಡಿಗೂ ನಡುವೆ ಇರುವುದು ಒಂದು ಉದ್ದನೆಯ ಕೊಳವೆ ಮಾತ್ರ. ಇದು ಕೆಲವರ ಮನೆಯ ಕಥೆಯೂ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನಗರ, ಪಟ್ಟಣಗಳಲ್ಲಿ ನೂರಕ್ಕೆ 38 ಮನೆಗಳು ಸೆಪ್ಟಿಕ್ ಟ್ಯಾಂಕನ್ನೇ ನಂಬಿದ್ದವು. ಒಳಚರಂಡಿಗೆ ಸೇರಿದ ಮನೆಗಳು ಅದಕ್ಕಿಂತ ಕಡಿಮೆ.

ಮೊದಲು ಟ್ಯಾಂಕಿನೊಳಗೆ ಏನು ನಡೆಯುತ್ತದೆ ಅಂತ ನೋಡೋಣ. ಅಕ್ಕಿ ತೊಳೆದ ನೀರನ್ನು ಅಲ್ಲಾಡಿಸದೆ ಇಟ್ಟರೆ ತಳದಲ್ಲಿ ಹಿಟ್ಟು ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ ಅಲ್ವಾ? ಇಲ್ಲೂ ಹಾಗೇ. ಭಾರವಾದದ್ದು ಕೆಳಗಿಳಿದು ಹೂಳಾಗುತ್ತದೆ. ಎಣ್ಣೆ, ಜಿಡ್ಡು, ಸೋಪಿನ ನೊರೆ ಮೇಲೆ ಕೆನೆಯ ಹಾಗೆ ತೇಲುತ್ತವೆ. ನಡುವಿನ ತಿಳಿನೀರು ಇನ್ನೊಂದು ಬದಿಯ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಹೂಳನ್ನು ತಿಂದು ಕರಗಿಸುವ ಕೆಲಸ ಬ್ಯಾಕ್ಟೀರಿಯಾಗಳದ್ದು. ಇವು ಗಾಳಿಯ ಆಮ್ಲಜನಕ ಇಲ್ಲದೆಯೇ ಬದುಕುವ ಜಾತಿ. ಅವು ಕೆಲಸ ಮಾಡಿದಷ್ಟೂ ಗ್ಯಾಸ್ ಹುಟ್ಟುತ್ತದೆ. ಅದರಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಜಾಸ್ತಿ. ಇವೆರಡಕ್ಕೂ ವಾಸನೆ ಇಲ್ಲ. ಮೂಗಿಗೆ ಬಡಿಯುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದ್ದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ.

ಚೆನ್ನಾಗಿ ಕೆಲಸ ಮಾಡುವ ಟ್ಯಾಂಕಿನಲ್ಲೂ ಈ ಗ್ಯಾಸ್ ಹುಟ್ಟಿಯೇ ಹುಟ್ಟುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಅದು ಮನೆಯೊಳಗೆ ಬರದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಇಬ್ಬರು ಕಾವಲುಗಾರರಿದ್ದಾರೆ. ಬಚ್ಚಲ ತೂತಿನಲ್ಲಿ ನಿಂತಿರುವ ಒಂದಿಷ್ಟು ನೀರು ಒಬ್ಬ. ಮಹಡಿಯ ಮೇಲಕ್ಕೆ ಹೋಗಿರುವ ಗಾಳಿ ಪೈಪು ಇನ್ನೊಬ್ಬ.

ಮೂರು ಬೆರಳಗಲದ ನೀರು

ಬಚ್ಚಲ ಮೂಲೆಯ ಜಾಲರಿ ಎತ್ತಿ ಒಳಗೆ ನೋಡಿ. ನೀರು ನಿಂತಿರುವುದು ಕಾಣಬೇಕು. ಕೊಳಕು ನೀರು ನಿಂತಿದೆಯಲ್ಲ ಅಂತ ಅಸಹ್ಯ ಪಡಬೇಡಿ. ಅದು ನಿಲ್ಲಲೆಂದೇ ಅಲ್ಲಿ ಟ್ರ್ಯಾಪ್ ಇಟ್ಟಿರುತ್ತಾರೆ. ಪೈಪನ್ನು ಬಗ್ಗಿಸಿಯೋ, ಬಟ್ಟಲಿನ ಮೇಲೆ ಬಟ್ಟಲು ಕವುಚಿಯೋ ಸ್ವಲ್ಪ ನೀರು ಯಾವಾಗಲೂ ಉಳಿಯುವಂತೆ ಮಾಡಿರುತ್ತಾರೆ. ನಾವು ಸುರಿದ ನೀರು ಆ ಕಡೆ ಹೋಗುತ್ತದೆ, ಆ ಕಡೆಯ ಗಾಳಿ ಈ ಕಡೆ ಬರುವುದಿಲ್ಲ. ವಾಶ್ ಬೇಸಿನ್ ಕೆಳಗಿನ ಬಾಗಿದ ಪೈಪು, ಕಮೋಡಿನ ತಳದಲ್ಲಿ ನಿಂತ ನೀರು, ಎಲ್ಲವೂ ಇದೇ ಉಪಾಯ. ಲಂಡನ್ನಿನಲ್ಲಿದ್ದ ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವರು 1775ರಲ್ಲಿ ಇಂಥ ಬಾಗಿದ ಪೈಪಿಗೆ ಪೇಟೆಂಟ್ ಪಡೆದರು. ಅಲ್ಲಿಂದ ಇಲ್ಲಿಯವರೆಗೆ ಮನೆಯೊಳಗೆ ಕಕ್ಕಸು ಇಟ್ಟುಕೊಳ್ಳಲು ಸಾಧ್ಯವಾಗಿದ್ದೇ ಈ ಚಿಕ್ಕ ಬಾಗಿನಿಂದ.

ನೆಲದ ಟ್ರ್ಯಾಪಿಗೆ ನಮ್ಮ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಮರಾಠಿ, ಕೊಂಕಣಿಯವರು ಬಚ್ಚಲಿಗೆ ನ್ಹಾಣಿ ಅನ್ನುತ್ತಾರಲ್ಲ, ಅದೇ ಮಾತು.

ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಆಳ ಸುಮಾರು 50 ಮಿಲಿಮೀಟರ್ ಇರಬೇಕು. ಅಂದರೆ ಮೂರು ಬೆರಳಗಲ. ಇಷ್ಟು ನೀರು ಎಷ್ಟು ಒತ್ತಡ ತಡೆಯಬಲ್ಲದು? ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ನೀರಿನ ಭಾರಕ್ಕೆ ಸಮ. ಅದರ ಇನ್ನೂರನೇ ಒಂದು ಪಾಲಿನಷ್ಟು ಹೆಚ್ಚುಕಡಿಮೆಯಾದರೂ ಈ ಕಾವಲು ಮುರಿಯುತ್ತದೆ. ಹಾಗಾಗಿ ಅದು ಸೋಲುವುದು ಅಪರೂಪವೇನಲ್ಲ.

ಅದು ಸೋಲುವ ರೀತಿಗಳಲ್ಲಿ ಅತಿ ಸಾಮಾನ್ಯವಾದದ್ದು ಒಣಗುವುದು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದು ಬಾಗಿಲು ತೆಗೆದಾಗ ಗಪ್ಪಂತ ನಾತ ಹೊಡೆಯುವುದು ಇದಕ್ಕೇ. ಏಪ್ರಿಲ್, ಮೇ ಬಿಸಿಲಿಗೆ ಕೆಲವೇ ವಾರಗಳಲ್ಲಿ ಟ್ರ್ಯಾಪಿನ ನೀರು ಆರಿಹೋಗುತ್ತದೆ. ಮನೆಯಲ್ಲಿ ಜನರಿದ್ದರೂ ಅಷ್ಟೆ, ಬಳಸದ ಬಚ್ಚಲು ಒಂದಿದ್ದರೆ ಅದು ಒಣಗುತ್ತದೆ. ನಮ್ಮ ಮನೆಯಲ್ಲಿ ನೆಂಟರಿಗೆಂದು ಇಟ್ಟ ಹಿಂದಿನ ಕೋಣೆಯ ಬಚ್ಚಲು ಹೀಗೇ ಒಣಗಿತ್ತು. ಅಮ್ಮ ಉಜ್ಜುತ್ತಿದ್ದುದು ಮುಂದಿನ ಬಚ್ಚಲನ್ನು. ನಾತ ಹಿಂದಿನದರಿಂದ ಹೊರಟು ನಡುಮನೆಗೆಲ್ಲ ಹರಡುತ್ತಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಇನ್ನೂ ಜಾಸ್ತಿಯಾಗುತ್ತಿತ್ತು. ಕಿಟಕಿ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಫ್ಯಾನು ಗಾಳಿಯನ್ನು ಹೊರಗೆ ಎಳೆದರೆ ಒಳಗೆ ಬೇರೆ ಗಾಳಿ ಬರಲೇಬೇಕು. ಒಣಗಿದ ಟ್ರ್ಯಾಪೇ ಅದಕ್ಕೆ ಸಲೀಸಾದ ದಾರಿ. ಫ್ಯಾನ್ ಹಾಕಿದಾಗಲೇ ನಾತ ಹೆಚ್ಚಾದರೆ ಮೊದಲು ಟ್ರ್ಯಾಪ್ ನೋಡಿ.

ಎರಡನೆಯದು ಕೂದಲು. ಇದನ್ನು ನಾನು ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ. ಜಾಲರಿ ಎತ್ತಿ ಟಾರ್ಚ್ ಬಿಟ್ಟಾಗ ಉದ್ದನೆಯ ಕೂದಲಿನ ಒಂದು ಎಳೆಸುತ್ತು ಟ್ರ್ಯಾಪಿನ ಅಂಚಿನ ಮೇಲೆ ಮಲಗಿತ್ತು. ಅದರ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಆಚೆಯ ಪೈಪಿನೊಳಗೆ. ಆ ತುದಿಯಿಂದ ಒಂದು ಹನಿ ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಕೂದಲು ನೀರು ಹೀರಿ ಆಚೆ ಸುರಿಯುತ್ತಿತ್ತು. ರಾತ್ರಿಯೆಲ್ಲ ಹೀಗೆ ಹನಿದರೆ ಬೆಳಗಾಗುವುದರೊಳಗೆ ನೀರಿನ ಮಟ್ಟ ಇಳಿದಿರುತ್ತದೆ.

ಮೂರನೆಯದು ಎಳೆತ. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲಲ್ಲಿ ಗಳಗಳ ಸದ್ದು ಬರುತ್ತದಾ? ಒಟ್ಟಿಗೇ ಇಳಿಯುವ ನೀರು ಪೈಪಿನಲ್ಲಿ ತನ್ನ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ಗಾಳಿ ಪೈಪು ಸರಿಯಿದ್ದರೆ ಬೇಕಾದ ಗಾಳಿ ಮೇಲಿಂದ ಬರುತ್ತದೆ. ಇಲ್ಲದಿದ್ದರೆ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಮೊದಲು ಒಂದೇ ಅಂತಸ್ತು ಕಟ್ಟಿ, ಆಮೇಲೆ ಬಾಡಿಗೆಗೆಂದು ಮೇಲೊಂದು ಮನೆ ಏರಿಸಿ, ಹಳೇ ಪೈಪಿಗೇ ಸೇರಿಸಿದ ಕಡೆ ಇದು ಬಹಳ. ಆ ಗಳಗಳ ಸದ್ದನ್ನು ಅಲಕ್ಷ್ಯ ಮಾಡಬೇಡಿ.

ಇನ್ನು ಮನುಷ್ಯರೇ ಮಾಡುವ ಕೆಲಸ. ನೀರು ನಿಧಾನ ಹೋಗುತ್ತಿದೆ ಅಂತ ಟ್ರ್ಯಾಪಿನೊಳಗಿನ ಕವುಚಿದ ಬಟ್ಟಲನ್ನು ತೆಗೆದು ಕಿಟಕಿಯ ಮೇಲೆ ಇಡುತ್ತಾರೆ. ಮತ್ತೆ ಹಾಕುವುದು ಮರೆತುಹೋಗುತ್ತದೆ. ಆ ಬಟ್ಟಲು ಹೋದರೆ ಟ್ರ್ಯಾಪ್ ಬರೀ ತೂತು. ವಾಶಿಂಗ್ ಮಷೀನಿನ ಪೈಪನ್ನು ನೆಲದ ತೂತಿಗೆ ಸುಮ್ನೆ ತುರುಕಿರುತ್ತಾರೆ, ಸುತ್ತ ಬೆರಳು ಹೋಗುವಷ್ಟು ಸಂದು. ಬೇಸಿನ್ನಿನ ಕೆಳಗೆ ಬಾಗಿದ ಪೈಪಿನ ಬದಲು ನೇರ ಸುಕ್ಕು ಪೈಪು ಹಾಕಿರುತ್ತಾರೆ. ಕಮೋಡಿನ ಬುಡದ ಸಿಮೆಂಟು ಬಿರುಕು ಬಿಟ್ಟಿರುತ್ತದೆ. ಇವೆಲ್ಲ ಒಂದು ಬೆಳಗಿನಲ್ಲಿ ಸರಿ ಮಾಡಬಹುದಾದ ಕೆಲಸ.

ಮುಚ್ಚಿಹೋದ ಗಾಳಿ ಪೈಪು

ನಮ್ಮ ಮನೆಗೆ ಬಂದ ಮೊದಲ ಪ್ಲಂಬರ್ ನೋಡಿದ ಕೂಡಲೇ ಟ್ಯಾಂಕ್ ತುಂಬಿದೆ, ಖಾಲಿ ಮಾಡಿಸಿ ಅಂದರು. ಲಾರಿ ಬಂತು, ಹೀರಿಕೊಂಡು ಹೋಯಿತು. ದುಡ್ಡೂ ಹೋಯಿತು. ಎರಡು ದಿನ ಕಳೆದು ನಾತ ಮೊದಲಿಗಿಂತ ಜೋರಾಗಿ ಬಂತು. ಟ್ಯಾಂಕ್ ಖಾಲಿ ಇದ್ದರೂ ಯಾಕೆ ಅಂತ ತಲೆ ಕೆಡಿಸಿಕೊಂಡೆವು. ಈಗ ಯೋಚಿಸಿದರೆ ಅದರಲ್ಲೇ ಉತ್ತರ ಇತ್ತು. 1,500 ಲೀಟರಿನ ಟ್ಯಾಂಕ್ ಖಾಲಿಯಾದರೆ ಅದರೊಳಗೆ ಅಷ್ಟೇ ಲೀಟರ್ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ಒಂದೊಂದೇ ಬಕೆಟ್ ನೀರು ಒಳಗೆ ಬಿದ್ದ ಹಾಗೆಲ್ಲ ಅಷ್ಟಷ್ಟೇ ಗಾಳಿ ಹೊರಗೆ ಹೋಗಲೇಬೇಕು. ಹೊರಗೆ ಹೋಗುವ ಪೈಪು ಮುಚ್ಚಿದ್ದರೆ? ಮನೆಯ ಕಡೆಗೇ ಬರುತ್ತದೆ.

ಎರಡನೆಯ ಸಲ ಬಂದ ಹಿರಿಯ ಮೇಸ್ತ್ರಿಯೊಬ್ಬರು ಬಚ್ಚಲನ್ನು ನೋಡಲೇ ಇಲ್ಲ. ಸೀದಾ ಮಹಡಿ ಹತ್ತಿದರು. ಗಾಳಿ ಪೈಪಿನ ಬಾಯಿಗೆ ಯಾರೋ ಪ್ಲಾಸ್ಟಿಕ್ ಕವರ್ ಹಾಕಿ ಸುತ್ತಲೂ ತಂತಿ ಬಿಗಿದಿದ್ದರು. ಹಿಂದಿನ ವರ್ಷ ಮಹಡಿಗೆ ವಾಟರ್‌ಪ್ರೂಫ್ ಬಣ್ಣ ಹೊಡೆಸಿದಾಗ ಕಟ್ಟಿದ್ದು, ಬಿಚ್ಚಲು ಮರೆತು ಹೋಗಿದ್ದರು. ಕವರು ಬಿಸಿಲಿಗೆ ಹಳದಿಯಾಗಿ, ಒಳಗಿನ ಗಾಳಿಗೆ ಬಲೂನಿನ ಹಾಗೆ ಉಬ್ಬಿ ನಿಂತಿತ್ತು. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡು ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿದರು. ಬುಸ್ಸೆಂದು ಸದ್ದಾಯಿತು. ಕೆಳಗೆ ಅಂಗಳದಲ್ಲಿದ್ದ ಅಮ್ಮನಿಗೂ ವಾಸನೆ ಬಂತಂತೆ.

ಆ ಪೈಪಿನ ಕೆಲಸ ದೊಡ್ಡದು. ಟ್ಯಾಂಕಿನ ಗ್ಯಾಸನ್ನು ಎತ್ತರಕ್ಕೆ ಒಯ್ದು ಗಾಳಿಗೆ ಬಿಡುತ್ತದೆ. ಪೈಪುಗಳೊಳಗಿನ ಒತ್ತಡ ಏರಿಳಿಯದಂತೆ ಕಾಯುತ್ತದೆ, ಅದರಿಂದ ಟ್ರ್ಯಾಪಿನ ನೀರೂ ಉಳಿಯುತ್ತದೆ. ಸೆಪ್ಟಿಕ್ ಟ್ಯಾಂಕಿಗೆಂದೇ ಇರುವ ಭಾರತೀಯ ಮಾನಕ ಐಎಸ್ 2470 ಇದಕ್ಕೆ ಅಳತೆ ಹೇಳುತ್ತದೆ. ಪೈಪಿನ ವ್ಯಾಸ ಕನಿಷ್ಠ 50 ಮಿಲಿಮೀಟರ್ ಇರಬೇಕು. ಟ್ಯಾಂಕ್ ಮನೆಯಿಂದ 15 ಮೀಟರಿಗಿಂತ ಹತ್ತಿರವಿದ್ದರೆ ಪೈಪಿನ ಬಾಯಿ ಕಟ್ಟಡದ ತುದಿಗಿಂತ 2 ಮೀಟರ್ ಮೇಲಿರಬೇಕು. ಬಾಯಿಗೆ ಸೊಳ್ಳೆ ಹೋಗದಂತೆ ಜಾಲರಿ ಇರಬೇಕು. 30 × 40 ಸೈಟಿನಲ್ಲಿ 15 ಮೀಟರ್ ದೂರ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮೆಲ್ಲರ ಮನೆಗೂ ಮಹಡಿಗಿಂತ ಆರೂವರೆ ಅಡಿ ಎತ್ತರದ ಪೈಪೇ ಬೇಕು.

ಆದರೆ ಬೀದಿಯಲ್ಲಿ ನಡೆದು ನೋಡಿ. ಎಷ್ಟೋ ಮನೆಗಳಲ್ಲಿ ಗಾಳಿ ಪೈಪು ಕಿಟಕಿಯ ಪಕ್ಕದಲ್ಲೇ ನಿಂತಿರುತ್ತದೆ. ಕೆಲವು ಕಡೆ ಚಂದ ಕಾಣುವುದಿಲ್ಲ ಅಂತ ಪ್ಯಾರಪೆಟ್ ಗೋಡೆಯ ಮಟ್ಟಕ್ಕೇ ಕತ್ತರಿಸಿರುತ್ತಾರೆ. ಕೆಲವು ಕಡೆ ಸೊಳ್ಳೆ ಬರುತ್ತದೆ ಅಂತ ಕ್ಯಾಪ್ ಹಾಕಿ ಬಿಗಿದಿರುತ್ತಾರೆ. ಕಣಜ ಗೂಡು ಕಟ್ಟಿರುತ್ತದೆ, ಎಲೆ ಬಿದ್ದು ಕೊಳೆತಿರುತ್ತದೆ. ಕೆಲವರ ಮನೆಯಲ್ಲಿ ಪೈಪೇ ಇರುವುದಿಲ್ಲ. ಮನೆ ಕಟ್ಟಲು ಲಕ್ಷಗಟ್ಟಲೆ ಸುರಿದವರು ಒಂದೆರಡು ಉದ್ದದ ಪಿವಿಸಿ ಪೈಪಿಗೆ ಹಿಂದೆಮುಂದೆ ನೋಡುವುದು ನನಗೆ ಈಗಲೂ ಬೇಸರ ತರುವ ವಿಷಯ. ಅದರ ಬೆಲೆ ತೆರುವುದು ಒಳಗೆ ವಾಸ ಮಾಡುವವರು, ಪಕ್ಕದ ಮನೆಯವರು.

ನಿಮ್ಮ ಮನೆಯಲ್ಲಿ ಎಲ್ಲಿಂದ?

ಮೊದಲು ಮೂಗಿಗೇ ಕೆಲಸ ಕೊಡಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಟ್ಯಾಂಕಿನ ಗ್ಯಾಸ್ ಇರಬಹುದು. ಒದ್ದೆ ಬಟ್ಟೆ ಮುಗ್ಗಲು ಹಿಡಿದಂಥ ಹುಳಿ ವಾಸನೆಯಾದರೆ ಟ್ರ್ಯಾಪಿನಲ್ಲೇ ಸೋಪು, ಕೂದಲು, ಮೈಕೊಳೆ ಸೇರಿ ಲೋಳೆ ಕಟ್ಟಿದೆ ಅಂತ ಅರ್ಥ. ಇದಕ್ಕೆ ಟ್ಯಾಂಕನ್ನು ದೂರಬೇಕಾಗಿಲ್ಲ. ಜಾಲರಿ, ಬಟ್ಟಲು ಹೊರಗೆ ತೆಗೆದು, ಕೈಗವಸು ಹಾಕಿಕೊಂಡು ಹಳೇ ಬ್ರಶ್‌ನಿಂದ ಒಳಗೋಡೆ ಉಜ್ಜಿ ತೊಳೆದರೆ ಮುಗಿಯಿತು. ನೀರು ಉಗುರುಬೆಚ್ಚಗಿಂತ ಸ್ವಲ್ಪ ಬಿಸಿ ಇದ್ದರೆ ಜಿಡ್ಡು ಬೇಗ ಬಿಡುತ್ತದೆ. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಡಬಹುದು.

ಬಿಸಿನೀರು ಬಿಟ್ಟಾಗ ಮಾತ್ರ ಮೊಟ್ಟೆ ವಾಸನೆ ಬಂದರೆ ಮೋರಿಯನ್ನೂ ಬಿಡಿ, ಗೀಸರ್ ಕಡೆ ನೋಡಿ. ಕೆಲವು ಬೋರ್‌ವೆಲ್ ನೀರಿನಲ್ಲಿ ಸಲ್ಫೇಟ್ ಇರುತ್ತದೆ. ಗೀಸರ್ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಸಿಯಂ ಸಲಾಕೆ ಇಟ್ಟಿರುತ್ತಾರೆ. ಎರಡೂ ಇರುವ ಕಡೆ ಕೆಲವು ಬ್ಯಾಕ್ಟೀರಿಯಾ ಸೇರಿಕೊಂಡು ಅದೇ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಒಂದು ಲೋಟದಲ್ಲಿ ಬಿಸಿನೀರು ಹಿಡಿದು ಅಂಗಳಕ್ಕೆ ಹೋಗಿ ಮೂಸಿ. ಅಲ್ಲೂ ವಾಸನೆ ಬಂದರೆ ನೀರಿನದ್ದೇ.

ಇವೆರಡೂ ಅಲ್ಲ ಅಂದರೆ ಮನೆಯಲ್ಲಿರುವ ಪ್ರತಿ ತೂತಿಗೂ ಒಂದೊಂದು ಮಗ್ ನೀರು ಹಾಕಿ. ನೆಲದ ಟ್ರ್ಯಾಪು, ಬೇಸಿನ್, ಬಟ್ಟೆ ಒಗೆಯುವ ಜಾಗ, ಬಾಲ್ಕನಿ, ಒಂದನ್ನೂ ಬಿಡಬೇಡಿ. ಅರ್ಧ ಗಂಟೆ ಕಿಟಕಿ ತೆಗೆದಿಡಿ. ನಾತ ಹೋದರೆ ಒಣಗಿದ್ದೇ ಕಾರಣ. ಬಳಸದ ಬಚ್ಚಲಿಗೆ ವಾರಕ್ಕೊಂದು ಸಲ ನೀರು ಹಾಕುವುದೇ ಮದ್ದು. ತಿಂಗಳುಗಟ್ಟಲೆ ಬೀಗ ಹಾಕಿ ಹೋಗುವುದಾದರೆ ಟ್ರ್ಯಾಪಿಗೆ ನೀರು ತುಂಬಿಸಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಆರುವುದನ್ನು ನಿಧಾನ ಮಾಡುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಒಂದೆರಡು ದಿನದಲ್ಲಿ ಮತ್ತೆ ಬಂದರೆ ಯಾವ ತೂತು ಅಂತ ಹಿಡಿಯಬೇಕು. ರಾತ್ರಿ ಮಲಗುವ ಮೊದಲು ಎಲ್ಲ ತೂತುಗಳ ಸುತ್ತಲಿನ ನೆಲ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಅಂಚಿಗೆ ಟೇಪ್ ಅಂಟಿಸಿ. ಬೆಳಿಗ್ಗೆ ಒಂದೊಂದನ್ನೇ ತೆಗೆದು ಮೂಸಿ. ಹಾಳೆ ಉಬ್ಬಿ ನಿಂತಿದ್ದರೆ ಇನ್ನೂ ಸುಲಭ, ಅಲ್ಲಿಂದಲೇ ಒತ್ತಡ ಬರುತ್ತಿದೆ. ಎಲ್ಲ ಮುಚ್ಚಿದ ಮೇಲೂ ನಾತ ಇದ್ದರೆ ಕಮೋಡಿನ ಬುಡ, ಗೋಡೆಯೊಳಗಿನ ಪೈಪಿನ ಜಾಯಿಂಟು, ಹೊರಗಿನ ಚೇಂಬರಿನ ಮುಚ್ಚಳ ನೋಡಬೇಕು. ಊದುಬತ್ತಿ ಹೊಗೆ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಮೀಥೇನ್ ಬೆಂಕಿ ಹತ್ತಿಕೊಳ್ಳುವ ಗ್ಯಾಸ್. ಬತ್ತಿ, ಬೆಂಕಿಕಡ್ಡಿ ಯಾವುದೂ ಬೇಡ. ತೆಳು ಟಿಶ್ಯೂ ಕಾಗದದ ಚೂರು ಹಿಡಿದರೂ ಗಾಳಿ ಎತ್ತ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

ಎಲ್ಲ ಟ್ರ್ಯಾಪಿನಲ್ಲೂ ನೀರಿದೆ, ಆದರೂ ನೀರಿನಲ್ಲಿ ಗುಳ್ಳೆ ಏಳುತ್ತಿದೆ, ಫ್ಲಶ್ ಮಾಡಿದಾಗ ಗಳಗಳ ಅನ್ನುತ್ತದೆ ಅಂದರೆ ಮಹಡಿ ಹತ್ತುವ ಸಮಯ. ಗಾಳಿ ಪೈಪಿನ ಬಾಯಿ ನೋಡಿ. ಬಗ್ಗಿ ಮುಖ ಒಡ್ಡಬೇಡಿ, ಪಕ್ಕದಲ್ಲಿ ನಿಂತು ನೋಡಿ.

ಮಳೆಗಾಲದ ನಾತಕ್ಕೆ ಬೇರೆಯೇ ಕಾರಣ ಇರುತ್ತದೆ. ಮಲೆನಾಡು, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಜುಲೈ ಹೊತ್ತಿಗೆ ನೆಲವೆಲ್ಲ ನೀರು ಕುಡಿದು ತುಂಬಿರುತ್ತದೆ. ಇಂಗುಗುಂಡಿಯ ನೀರು ಇಂಗಲು ಜಾಗವಿಲ್ಲ. ಟ್ಯಾಂಕಿನಿಂದ ನೀರು ಹೊರಗೆ ಹೋಗದೆ ಮಟ್ಟ ಏರುತ್ತದೆ. ಮೇಲಿರಬೇಕಾದ ಗಾಳಿಯ ಜಾಗ ಕಡಿಮೆಯಾಗುತ್ತದೆ, ಕೆಲವೊಮ್ಮೆ ಗಾಳಿ ಪೈಪಿನ ಬುಡವೇ ಮುಳುಗುತ್ತದೆ. ಬಚ್ಚಲ ನೀರು ನಿಧಾನವಾಗಿ ಹೋಗುವುದು, ಕಮೋಡಿನ ನೀರು ಮೇಲೆ ಬಂದು ಇಳಿಯುವುದು ಇದರ ಗುರುತು. ಟ್ಯಾಂಕ್ ಖಾಲಿ ಮಾಡಿಸಿದರೂ ಇಂಗುಗುಂಡಿ ಸರಿಯಾಗದಿದ್ದರೆ ಕೆಲವೇ ದಿನಕ್ಕೆ ಮತ್ತೆ ಅದೇ ಸ್ಥಿತಿ. ಮಹಡಿಯ ಮಳೆನೀರಿನ ಪೈಪನ್ನು ಟ್ಯಾಂಕಿಗೋ ಇಂಗುಗುಂಡಿಗೋ ಬಿಟ್ಟಿದ್ದರೆ ಮೊದಲು ಅದನ್ನು ಬೇರೆ ಮಾಡಿಸಿ.

ಆಸಿಡ್ ಬಗ್ಗೆ ಎರಡು ಮಾತು

ಅಂಗಡಿಯಲ್ಲಿ ಸಿಗುವ ಆಸಿಡ್ ತಂದು ಮೋರಿಗೆ ಸುರಿಯುವುದು ನಮ್ಮಲ್ಲಿ ರೂಢಿ. ನಮ್ಮ ಮನೆಯಲ್ಲೂ ಒಂದು ಬಾಟಲಿ ಸುರಿದಿದ್ದರು. ನಾತ ಹೆಚ್ಚೇ ಆಯಿತು. ಹಾಗಾಗಲು ಕಾರಣವಿದೆ. ಕೊಳೆಯ ನೀರಿನಲ್ಲಿ ಕರಗಿ ಕೂತಿರುವ ಸಲ್ಫೈಡಿಗೆ ಆಸಿಡ್ ಸೇರಿದರೆ ಅದು ಹೈಡ್ರೋಜನ್ ಸಲ್ಫೈಡ್ ಗ್ಯಾಸಾಗಿ ಎದ್ದು ಬರುತ್ತದೆ. ಹೋಗಲೆಂದು ಸುರಿದದ್ದೇ ವಾಸನೆಯನ್ನು ಎಬ್ಬಿಸುತ್ತದೆ. ಅದಕ್ಕಿಂತ ಅಪಾಯ ಇನ್ನೊಂದು. ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಆಸಿಡ್ ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ, ಶ್ವಾಸಕೋಶ ಸುಡುತ್ತದೆ. ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಬಳಸಲೇಬೇಡಿ. ಮನೆಕೆಲಸಕ್ಕೆ ಬರುವವರಿಗೂ ಕೂರಿಸಿಕೊಂಡು ಹೇಳಿ.

ಫಿನಾಯಿಲ್ ಸ್ವಲ್ಪ ಸ್ವಲ್ಪ ಬಳಸಿದರೆ ಟ್ಯಾಂಕಿಗೇನೂ ಆಗುವುದಿಲ್ಲ. ಬಾಟಲಿಗಟ್ಟಲೆ ಸುರಿದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ, ಹೂಳು ಕರಗದೆ ಬೇಗ ತುಂಬುತ್ತದೆ. ಇನ್ನು ಟ್ಯಾಂಕಿಗೆ ಹಾಕಿ ಅಂತ ಮಾರುವ ಬ್ಯಾಕ್ಟೀರಿಯಾ ಪುಡಿ. ಬಳಕೆಯಲ್ಲಿರುವ ಟ್ಯಾಂಕಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ, ನಾವು ದಿನಾ ಕಳಿಸುವುದರಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಹೊಸ ಟ್ಯಾಂಕಿಗೆ ಊರ ಕಡೆ ಒಂದು ಬಕೆಟ್ ಸಗಣಿ ಕದಡಿ ಸುರಿಯುತ್ತಾರಲ್ಲ, ಅದು ಬರೀ ನಂಬಿಕೆ ಅಲ್ಲ. ಹಳೇ ಟ್ಯಾಂಕಿನ ಹೂಳು ಸಿಗದಿದ್ದರೆ ಕೊಳೆತ ಸಗಣಿ ಹಾಕಬಹುದು ಅಂತ ಐಎಸ್ 2470 ಕೂಡ ಹೇಳುತ್ತದೆ. ಟ್ಯಾಂಕಿಗೆ ಮೊದಲು ನೀರು ತುಂಬಿಸಿ ಆಮೇಲೆ ಹಾಕಬೇಕು, ಅಷ್ಟೆ.

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹತ್ತು ವರ್ಷದಿಂದ ತೆಗೆಸಿಲ್ಲ, ಏನೂ ಆಗಿಲ್ಲ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರ ಟ್ಯಾಂಕಿನ ಹೂಳು ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದುಗಳನ್ನು ಮುಚ್ಚುತ್ತಿರುತ್ತದೆ. ಖಾಲಿ ಮಾಡಿಸುವಾಗ ತಳದಲ್ಲಿ ಸ್ವಲ್ಪ ಹೂಳು ಉಳಿಸಲು ಹೇಳಿ, ಹೊಸದಾಗಿ ಕೆಲಸ ಶುರುವಾಗಲು ಅದೇ ಹೆಪ್ಪು. ಲಾರಿಯವರು ಅದನ್ನು ಎಲ್ಲಿ ಸುರಿಯುತ್ತಾರೆ ಅಂತ ಕೇಳುವುದೂ ನಮ್ಮ ಕೆಲಸ. ದೇವನಹಳ್ಳಿಯಲ್ಲಿ 2015ರಲ್ಲಿ ಈ ಹೂಳನ್ನು ಶುದ್ಧ ಮಾಡುವ ಘಟಕ ಶುರುವಾಯಿತು, ದೇಶದಲ್ಲಿ ಇಂಥ ಮೊದಲ ಘಟಕಗಳಲ್ಲಿ ಅದೊಂದು. ನಿಮ್ಮ ಊರಿನಲ್ಲೂ ಇದೆಯಾ ಅಂತ ನಗರಸಭೆಯಲ್ಲಿ, ಪಂಚಾಯಿತಿಯಲ್ಲಿ ವಿಚಾರಿಸಿ.

ಮುಚ್ಚಳ ತೆಗೆದ ಟ್ಯಾಂಕಿನೊಳಗೆ ಯಾರನ್ನೂ ಇಳಿಯಲು ಬಿಡಬೇಡಿ. ಬಚ್ಚಲಲ್ಲಿ ನಾರುವ ಅದೇ ಗ್ಯಾಸ್ ಟ್ಯಾಂಕಿನೊಳಗೆ ಕೊಲ್ಲುತ್ತದೆ. ಹತ್ತು ಲಕ್ಷಕ್ಕೆ ನೂರು ಪಾಲು ದಾಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಳ್ಳುವುದು ಆಗಲೇ. ಇನ್ನೂ ಹೆಚ್ಚಿದ್ದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ನಾವು ಓದುತ್ತಲೇ ಇದ್ದೇವೆ. ಸರಿಯಾದ ರಕ್ಷಣೆ ಇಲ್ಲದೆ ಯಾರನ್ನೇ ಆಗಲಿ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಹೀಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಯಂತ್ರದ ಲಾರಿಗೆ ಕರೆ ಮಾಡಲು 14420 ಎಂಬ ಸಹಾಯವಾಣಿ ಇದೆ. ನೂರಿನ್ನೂರು ಉಳಿಯುತ್ತದೆ ಅಂತ ಒಬ್ಬರ ಜೀವದ ಜೊತೆ ಆಡಬಾರದು.

ಬಚ್ಚಲಲ್ಲಿ ನಾತದ ಜೊತೆಗೆ ತಲೆನೋವು, ಕಣ್ಣುರಿ, ಹೊಟ್ಟೆ ತೊಳಸುವುದು ಆಗುತ್ತಿದ್ದರೆ ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ದುರಸ್ತಿ ಆಗುವವರೆಗೆ ಆ ಕೋಣೆಯಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಮಲಗಿಸಬೇಡಿ.

ನಮ್ಮ ಮನೆಯಲ್ಲಿ ಕೊನೆಗೆ ಆದ ಕೆಲಸ ಇಷ್ಟೇ. ಗಾಳಿ ಪೈಪಿನ ಕವರು ತೆಗೆದು, ಮಹಡಿಗಿಂತ ಎತ್ತರಕ್ಕೆ ಏರಿಸಿ, ಬಾಯಿಗೆ ಜಾಲರಿಯ ಟೋಪಿ ಹಾಕಿದೆವು. ವಾಶಿಂಗ್ ಮಷೀನ್ ಪೈಪಿನ ಸುತ್ತ ರಬ್ಬರ್ ಬಳೆ ಕೂರಿಸಿದೆವು. ಹಿಂದಿನ ಬಚ್ಚಲಿಗೆ ಅಮ್ಮ ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡ ಮೇಲೆ ಒಂದು ಚೊಂಬು ನೀರು ಸುರಿಯುತ್ತಾರೆ. ಫಿನಾಯಿಲ್ ಈಗ ವಾರಕ್ಕೊಂದೇ ಸಲ.

ಹೊಸ ಮನೆ ಕಟ್ಟಿಸುತ್ತಿದ್ದರೆ ಒಂದು ಕೆಲಸ ಮರೆಯದೆ ಮಾಡಿ. ಟೈಲ್ಸ್ ಕೂರಿಸುವ ಮೊದಲು ಎಲ್ಲ ಟ್ರ್ಯಾಪುಗಳಿಗೂ ನೀರು ತುಂಬಿಸಿ, ಮಗುವಿನ ಸ್ಕೂಲ್ ಸ್ಕೇಲ್ ತಂದು ಆಳ ಅಳೆಯಿರಿ. ಐದು ಸೆಂಟಿಮೀಟರ್ ಇಲ್ಲದಿದ್ದರೆ ಆಳದ ಟ್ರ್ಯಾಪ್ ಹಾಕಿಸಿ. ಟ್ಯಾಂಕಿನ ಮೇಲೆ ಸ್ಲ್ಯಾಬ್ ಮುಚ್ಚುವ ಮೊದಲು ಒಳಗೆ ಬರುವ, ಹೊರಗೆ ಹೋಗುವ ಎರಡೂ ಪೈಪಿಗೆ ಟಿ ಆಕಾರದ ಜೋಡಣೆ ಹಾಕಿದ್ದಾರಾ, ಗಾಳಿ ಪೈಪು ನೀರಿನ ಮಟ್ಟಕ್ಕಿಂತ ಮೇಲಿಂದ ಹೊರಟಿದೆಯಾ ಅಂತ ಕಣ್ಣಲ್ಲಿ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹತ್ತು ವರ್ಷ ಬಿಟ್ಟು ಪ್ಲಂಬರ್ ಬಂದು ಎಲ್ಲಿ ಅಗೆಯಲಿ ಅಂತ ಕೇಳಿದಾಗ ಆ ಫೋಟೋ ತೋರಿಸಬಹುದು.